ಕುಂಡದ ಗಿಡಗಳ ಪರವಾಗಿ ಎರಡು ಮಾತು

ಮಳೆಗಾಲವು ಸಮೀಪಿಸಿತೆಂದರೆ ಮುಂಬಯಿಯ ಚಾಳುಗಳಲ್ಲಿಯೂ ಹೌಸಿಂಗ್ ಸೊಸೈಟಿಗಳಲ್ಲಿಯೂ ಸೂಚನಾಫಲಕದ ಮೇಲೆ ಒಂದು ಕಾಗದವು ಕಾಣಿಸಿಕೊಳ್ಳುವುದುಂಟು. ಗ್ಯಾಲರಿಯಲ್ಲಿ, ಮೆಟ್ಟಿಲುಗಳ ಬದಿಯಲ್ಲಿ, ಕಿಟಕಿಯ ಸರಳಿನ ಪಂಜರದಲ್ಲಿ ಇರಿಸಿದ ಕುಂಡಗಳನ್ನು ಇಂತಿಷ್ಟು ದಿನಗಳೊಳಗೆ ತೆಗೆಯತಕ್ಕದ್ದೆಂದೂ ತಪ್ಪಿದಲ್ಲಿ ಸೊಸೈಟಿಯೇ ತೆಗೆಸಿಹಾಕುವುದೆಂದೂ ಅದರ ಒಕ್ಕಣೆ. ಓದಿದವರು ತಮ್ಮ ತುಳಸಿಯನ್ನೂ ಕರಿಬೇವನ್ನೂ ಖೋಲಿಯ ಒಳಗತ್ತಲೆಗೆ ಸಾಗಿಸುತ್ತಾರೆ. ಅಲ್ಲಿ ಅವು ಬಿಳಿಚಿಕೊಂಡು ಕೆಲವೇ ವಾರಗಳಲ್ಲಿ ಸಾಯುತ್ತವೆ. ಮತ್ತೆ ಕೆಲವರು ಜಗಳವೇ ಬೇಡವೆಂದು ಕಸದ ಗಾಡಿಗೆ ಒಪ್ಪಿಸಿಬಿಡುತ್ತಾರೆ. ಈ ಸೂಚನೆಯಲ್ಲಿ ಅರ್ಧದಷ್ಟು ನ್ಯಾಯವಿದೆಯೆಂಬುದನ್ನು ನಾವು ಮೊದಲೇ ಒಪ್ಪುತ್ತೇವೆ. ಉಳಿದ ಅರ್ಧದ ಕುರಿತು ನಮ್ಮ ತಕರಾರಿದೆ. ಏಕೆಂದರೆ ಪರಊರಿನಲ್ಲಿ ದುಡಿಯುವ ನಮ್ಮವರ ಪಾಲಿಗೆ ಕುಂಡದ ಗಿಡವು ಬರಿಯ ಅಲಂಕಾರದ ವಸ್ತುವೆಂದು ನಾವು ತಿಳಿದಿಲ್ಲ.

ಊರಿನಲ್ಲಿ ಗಿಡ ನೆಡುವವನು ಮಣ್ಣನ್ನು ಕುರಿತು ಯೋಚಿಸುವುದಿಲ್ಲ. ಅಂಗಳವಿದೆ, ಹಿತ್ತಿಲಿದೆ, ಬಸಳೆಯ ಚಪ್ಪರಕ್ಕೆ ಬಚ್ಚಲಿನ ನೀರೇ ಸಾಕು. ಹೊಟ್ಟೆಯ ಪಾಡಿಗಾಗಿ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಬಂದವನಿಗೆ ಮಣ್ಣೇ ಮೊದಲನೆಯ ಪ್ರಶ್ನೆ. ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರಿನ ಮೇಲೆ ಅವನು ಬಾಡಿಗೆಗೆ ಇರುತ್ತಾನೆ. ಕರಾರು ಮುಗಿದೊಡನೆ ಮಾಲಿಕರು ಬಾಡಿಗೆ ಏರಿಸುತ್ತಾರೆ, ಇಲ್ಲವೆ ತಮ್ಮವರಿಗೇ ಖೋಲಿ ಬೇಕೆನ್ನುತ್ತಾರೆ; ಸಂಸಾರವು ಮಾಟುಂಗದಿಂದ ಡೊಂಬಿವಲಿಗೆ, ಡೊಂಬಿವಲಿಯಿಂದ ಬದಲಾಪುರಕ್ಕೆ ಸಾಗುತ್ತದೆ. ನೆಲದಲ್ಲಿ ನೆಟ್ಟ ಕರಿಬೇವು ಚೆನ್ನಾಗಿ ಚಿಗುರುವ ಹೊತ್ತಿಗೆ ಬೇರೊಬ್ಬರ ಒಗ್ಗರಣೆಗೆ ಸಲ್ಲುತ್ತದೆ. ಕುಂಡದ ಕರಿಬೇವಾದರೋ ಟೆಂಪೋದ ಹಿಂಬದಿಯಲ್ಲಿ, ಗ್ಯಾಸಿನ ಸಿಲಿಂಡರು ಹಾಗೂ ಹಾಸಿಗೆಯ ಸುರುಳಿಗಳ ನಡುವೆ ನಿಂತು, ಹೊಸ ಮನೆಗೆ ಯಜಮಾನರೊಂದಿಗೇ ಬರುತ್ತದೆ. ನಾಲ್ಕಾರು ಸಲ ಮನೆ ಬದಲಿಸಿದವರ ಬಳಿಯಲ್ಲಿಯೂ ಹತ್ತು ವರ್ಷದ ಗಿಡವೊಂದು ಇರಲು ಸಾಧ್ಯವಾಗುವುದು ಹೀಗೆ. ಕುಂಡದ ಲಾಭಗಳಲ್ಲಿ ಇದನ್ನೇ ನಾವು ಮೊದಲನೆಯದೆಂದು ಎಣಿಸುತ್ತೇವೆ.

ಕುಂಡದಲ್ಲಿ ಗಿಡ ಬೆಳೆಸುವುದು ಪೇಟೆಯವರ ಶೋಕಿಯೆಂದು ಹೇಳುವವರು ತಮ್ಮ ಮನೆಯ ಮುಂದಿನ ತುಳಸಿಕಟ್ಟೆಯನ್ನೊಮ್ಮೆ ನೆನೆಯಬೇಕು. ನಾಲ್ಕು ಕಡೆ ಗೋಡೆ ಕಟ್ಟಿ, ಒಳಗೆ ಹಿಡಿಮಣ್ಣು ತುಂಬಿ, ನೆಲದಿಂದ ಎತ್ತರಿಸಿ ಗಿಡ ಬೆಳೆಸುವ ಆ ಏರ್ಪಾಡು ಕುಂಡವಲ್ಲದೆ ಮತ್ತೇನು? ಮುಂಬಯಿಗೆ ಬಂದ ನಮ್ಮ ಹಿರಿಯರು ಕಟ್ಟೆ ಕಟ್ಟುವ ಸ್ಥಳವಿಲ್ಲದೆ ಡಾಲ್ಡಾ ಡಬ್ಬದಲ್ಲಿಯೇ ತುಳಸಿಯನ್ನಿಟ್ಟು ಚಾಳಿನ ಗ್ಯಾಲರಿಯಲ್ಲಿ ದೀಪ ಹಚ್ಚಿದರು. 1920ರ ದಶಕದಲ್ಲಿ ಕಟ್ಟಿದ ಬಿ.ಡಿ.ಡಿ. ಚಾಳುಗಳ ಖೋಲಿಗಳು 160 ಚದರ ಅಡಿಯವು. ಅಷ್ಟರಲ್ಲಿ ಆರೇಳು ಮಂದಿ ಬದುಕುತ್ತಿದ್ದ ಮನೆಗಳವರು ಗಿಡಕ್ಕೆಂದು ಒಂದು ಮೊಳ ಜಾಗವನ್ನು ಬಾಗಿಲ ಹೊರಗೆ ಹುಡುಕಿಕೊಂಡರು. ಆ ಚಾಳುಗಳ ಸ್ಥಾನದಲ್ಲಿ ಈಗ ಗೋಪುರಗಳು ಏಳುತ್ತಿವೆ. ವರ್ಲಿಯ ಮೊದಲ 556 ಕುಟುಂಬಗಳಿಗೆ 2025ರ ಆಗಸ್ಟಿನಲ್ಲಿ ಹೊಸ ಮನೆಯ ಕೀಲಿಕೈ ದೊರೆಯಿತು. ಮನೆ ದೊಡ್ಡದಾದುದು ಸಂತೋಷದ ಸಂಗತಿ. ಗ್ಯಾಲರಿ ಹೋದುದು ಸಣ್ಣ ನಷ್ಟವಲ್ಲ. ಒಬ್ಬರ ಕುಂಡಕ್ಕೆ ಊರಿಗೆ ಹೋದಾಗ ಪಕ್ಕದವರು ನೀರು ಹಾಕುತ್ತಿದ್ದರು. ಮುಚ್ಚಿದ ಬಾಗಿಲುಗಳ ಗೋಪುರದಲ್ಲಿ ಆ ಉಪಕಾರವನ್ನು ಯಾರಲ್ಲಿ ಕೇಳುವುದು?

ಲಾಭಗಳ ಮಾತು ಬಂದಾಗ ಉತ್ಸಾಹಿಗಳು ಅತಿಶಯೋಕ್ತಿಗೆ ಇಳಿಯುತ್ತಾರೆ. ಹತ್ತು ಕುಂಡಗಳಿದ್ದರೆ ತರಕಾರಿಯ ಖರ್ಚೇ ಉಳಿಯುವುದೆಂದು ಹೇಳುವವರನ್ನು ನಾವು ನಂಬುವುದಿಲ್ಲ. ನಾಲ್ಕು ಜನರ ಸಂಸಾರಕ್ಕೆ ದಿನಕ್ಕೊಂದು ಕಿಲೋದಷ್ಟು ತರಕಾರಿ ಬೇಕು. ಹತ್ತು ಕುಂಡಗಳಿಂದ ವಾರಕ್ಕೊಮ್ಮೆ ಹರಿವೆಯ ಪಲ್ಯವಾದರೆ ಅದೇ ದೊಡ್ಡದು. 1965ರ ಆಹಾರದ ಮುಗ್ಗಟ್ಟಿನಲ್ಲಿ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ತಮ್ಮ ನಿವಾಸದ ಹುಲ್ಲುಹಾಸನ್ನೇ ಉತ್ತು ಜನರಿಗೆ ಮೇಲ್ಪಂಕ್ತಿ ಹಾಕಿದರು. ಅದು ದೊಡ್ಡ ಮನಸ್ಸಿನ ಕಾರ್ಯ. ಆದರೆ ಅದಕ್ಕೆ ಮೊದಲು ಹುಲ್ಲುಹಾಸು ಇರಬೇಕಷ್ಟೆ. ಗ್ಯಾಲರಿಯವನು ಬದನೆ, ಟೊಮೇಟೊಗಳ ಹಿಂದೆ ಬಿದ್ದು, ಬಿಸಿಲು ಸಾಲದೆ, ಬಿಳಿನೊಣಕ್ಕೆ ಆಹುತಿಯಿತ್ತು, ಮೂರು ಕಾಯಿ ಕಂಡು ಬೇಸತ್ತು ಬಿಟ್ಟುಬಿಡುವುದನ್ನು ನಾವು ಎಷ್ಟೋ ಕಡೆ ಕಂಡಿದ್ದೇವೆ.

ಗಾಳಿ ಶುದ್ಧಿಯಾಗುವುದೆಂಬ ಮಾತೂ ಅಂಥದೇ. ಅಮೆರಿಕದ ನಾಸಾ ಸಂಸ್ಥೆಯವರು 1989ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನು ಮುಂದಿಟ್ಟುಕೊಂಡು ನರ್ಸರಿಯವರು ನೂರು ರೂಪಾಯಿಯ ಗಿಡವನ್ನು ಐನೂರಕ್ಕೆ ಮಾರುತ್ತಾರೆ. ಆ ಪ್ರಯೋಗಗಳು ನಡೆದುದು ಗಾಳಿಯಾಡದ ಮುಚ್ಚಿದ ಪೆಟ್ಟಿಗೆಗಳಲ್ಲಿ. ಅಂಥ ಪ್ರಯೋಗಗಳ ಫಲವನ್ನೆಲ್ಲ ಒಟ್ಟಿಗೆ ತೂಗಿನೋಡಿದ ವಿಜ್ಞಾನಿಗಳು, ಕಿಟಕಿ ಬಾಗಿಲುಗಳಿಂದ ತಾನಾಗಿ ಆಗುವ ಶುದ್ಧಿಯನ್ನು ಗಿಡಗಳಿಂದ ಪಡೆಯಬೇಕಾದರೆ ನೆಲದ ಒಂದೊಂದು ಚದರ ಮೀಟರಿಗೂ 10ರಿಂದ 1,000 ಗಿಡಗಳು ಬೇಕಾದಾವೆಂದು 2019ರಲ್ಲಿ ಲೆಕ್ಕ ಹೇಳಿದರು. ಖೋಲಿಯ ಗಾಳಿ ಚೆನ್ನಾಗಿರಬೇಕೆನ್ನುವವರು ಕಿಟಕಿ ತೆರೆದಿಡುವುದು ಲೇಸು. ದುಡ್ಡು ಕೊಟ್ಟು ಗಿಡ ಕೊಳ್ಳುವುದಾದರೆ ತಿನ್ನುವ ಎಲೆಯ ಗಿಡವನ್ನೇ ಕೊಳ್ಳಬಾರದೇಕೆ?

ನಿಜವಾದ ಲಾಭವಿರುವುದು ಆ ಸಣ್ಣ ಎಲೆಗಳಲ್ಲಿಯೇ. ಒಂದೆಸಳು ಕರಿಬೇವು, ನಾಲ್ಕು ಕಡ್ಡಿ ಕೊತ್ತಂಬರಿ, ತಂಬುಳಿಗೆ ಒಂದು ಹಿಡಿ ಒಂದೆಲಗ ಇವೆಲ್ಲ ಬೇಕಾಗುವುದು ಚಿಟಿಕೆಯಷ್ಟು, ಆದರೆ ಬೇಕಾದ ಆ ಕ್ಷಣದಲ್ಲಿಯೇ ಬೇಕು. ಪೇಟೆಯಲ್ಲಿ ಕೊಂಡರೆ ಕಟ್ಟುಗಟ್ಟಲೆ ಕೊಳ್ಳಬೇಕು; ಫ್ರಿಜ್ಜಿನಲ್ಲಿ ಮೂರನೆಯ ದಿನಕ್ಕೆ ಕಪ್ಪಾದುದನ್ನು ಎಸೆಯಬೇಕು. ಮಾಟುಂಗದ ಪೇಟೆಯಲ್ಲಿ ಬಸಳೆ, ಕೆಸು, ಬಾಳೆಯೆಲೆ, ಮಂಗಳೂರು ಸವತೆಗಳು ದೊರೆಯುವುದು ನಿಜ. ವಿರಾರದಲ್ಲಿಯೋ ಕಲ್ಯಾಣದಾಚೆಯಲ್ಲಿಯೋ ಇರುವ ಗುಮಾಸ್ತರು ಒಂದು ಸಿವುಡು ಬಸಳೆಗಾಗಿ ಲೋಕಲ್ ಗಾಡಿಯಲ್ಲಿ ಎರಡು ಗಂಟೆ ಜೋತಾಡಿ ಬರಲಾರರು. ಬಸಳೆಯಂಥ ಉಪಕಾರಿ ಬಳ್ಳಿ ಮತ್ತೊಂದಿಲ್ಲ. ಗೇಣುದ್ದದ ದಂಟನ್ನು ಎರಡು ಗಿಣ್ಣು ಮಣ್ಣಿನೊಳಗಿರುವಂತೆ ಊರಿದರೆ ಮಳೆಗಾಲದಲ್ಲಿ ಹತ್ತು ಹದಿನೈದು ದಿನಕ್ಕೆ ಬೇರು ಬಿಡುತ್ತದೆ. ಕಿಟಕಿಯ ಸರಳೇ ಅದಕ್ಕೆ ಚಪ್ಪರ. ದೊಡ್ಡಪತ್ರೆಗೆ ಅಷ್ಟು ಆರೈಕೆಯೂ ಬೇಡ. ಕೆಲವರು ಸಾಂಬ್ರಾಣಿ ಸೊಪ್ಪೆಂದು ಕರೆಯುವ ಈ ಗಿಡದ ಒಂದು ಕುಡಿಯನ್ನು ಚುಚ್ಚಿದರೆ ಸಾಕು, ಮಗುವಿಗೆ ಶೀತವಾದಾಗ ಎಲೆ ಬಾಡಿಸಿ ರಸ ಹಿಂಡುವುದಕ್ಕೂ ಆಗುತ್ತದೆ, ತಂಬುಳಿಗೂ ಆಗುತ್ತದೆ. (ಕೆಮ್ಮು ವಾರ ದಾಟಿದರೆ ವೈದ್ಯರಲ್ಲಿಗೆ ಹೋಗತಕ್ಕದ್ದು, ಎಲೆಯನ್ನು ನಂಬಿ ಕುಳಿತಿರಬಾರದು.) ಮೇ ತಿಂಗಳ ಕೊನೆಯಲ್ಲಿ ಮೊಳಕೆಯಿರುವ ಹಸಿ ಅರಿಸಿನದ ಎರಡು ತುಂಡುಗಳನ್ನು ಡಬ್ಬದಲ್ಲಿ ಹೂತರೆ ನಾಗರಪಂಚಮಿಯ ಕಡುಬಿಗೆ ಎಲೆ ಸಿದ್ಧವಾಗಿರುತ್ತದೆ, ಎಲೆ ಒಣಗಿದ ಮೇಲೆ, ಜನವರಿಯ ಹೊತ್ತಿಗೆ, ಕೊಂಬೂ ದೊರೆಯುತ್ತದೆ.

ಇನ್ನು ಸೊಸೈಟಿಗಳ ಆಕ್ಷೇಪಣೆಗೆ ಬರೋಣ. ಆಕ್ಷೇಪಣೆಗಳಲ್ಲಿ ಮುಖ್ಯವಾದವು ನಾಲ್ಕು; ಎಲ್ಲವೂ ಒಂದೇ ತೂಕದವಲ್ಲ. ದಾರಿಗೆ ಅಡ್ಡವಾಗುವುದೆಂಬುದು ನಿರ್ವಿವಾದ. ಬೆಂಕಿ ಬಿದ್ದ ರಾತ್ರಿ ಕತ್ತಲೆಯಲ್ಲಿ ಓಡುವವರ ಕಾಲಿಗೆ ಸಿಕ್ಕುವಂತೆ ಮೆಟ್ಟಿಲಿನ ಮೇಲೆ ಕುಂಡವಿಡುವುದಕ್ಕೆ ಯಾರಿಗೂ ಹಕ್ಕಿಲ್ಲ. ಕೆಳಗೆ ಬೀಳುವ ಭಯವೂ ಅಷ್ಟೇ ನಿಜ. ಮೂರನೆಯ ಮಹಡಿಯ ಅಂಚಿನಿಂದ ಮಳೆಗಾಳಿಗೆ ಜಾರಿದ ಮಣ್ಣಿನ ಕುಂಡವು ಕೆಳಗೆ ಹೋಗುವವನ ಪ್ರಾಣವನ್ನೇ ತೆಗೆದೀತು. ಕುಂಡಗಳು ಗೋಡೆಯ ಅಂಚಿನ ಮೇಲಿರದೆ ಒಳಮೈಯಲ್ಲಿ ನೆಲದ ಮೇಲಿರಬೇಕು. ಸರಳಿನ ಪಂಜರದಲ್ಲಿಡುವವರು ಹಗುರವಾದ ಪ್ಲಾಸ್ಟಿಕ್ಕಿನದನ್ನೇ ಇಟ್ಟು ತಂತಿಯಿಂದ ಬಿಗಿಯಬೇಕು. ಮೇಲಿನವರ ಕುಂಡದ ಕೆಸರು ನೀರು ಕೆಳಗಿನವರ ಒಗೆದ ಬಟ್ಟೆಯ ಮೇಲೆ ಬೀಳುವುದು ಮೂರನೆಯದು. ಚಾಳಿನ ಜಗಳಗಳಿಗೆ ಇದು ಹಳೆಯ ಕಾರಣ, ತಟ್ಟೆಯಿಟ್ಟರೆ ನಿವಾರಣೆಯಾಗುವಂಥದು. ಆದರೆ ತಟ್ಟೆಯಿಂದಲೇ ನಾಲ್ಕನೆಯದು ಹುಟ್ಟುತ್ತದೆ, ಅದೇ ಎಲ್ಲಕ್ಕಿಂತ ಗಂಭೀರವಾದದ್ದು.

ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಯು ಚರಂಡಿಯ ಕೊಳಚೆಗಿಂತ ತಿಳಿಯಾಗಿ ನಿಂತ ನೀರನ್ನು ಬಯಸುತ್ತದೆ. ಕುಂಡದ ಕೆಳಗಿನ ತಟ್ಟೆ, ಮನಿಪ್ಲಾಂಟ್ ಇಟ್ಟ ಬಾಟಲಿ, ಮಳೆಗೆ ಬಾಯ್ದೆರೆದು ಕುಳಿತ ಖಾಲಿ ಡಬ್ಬ ಇವೆಲ್ಲ ಅದಕ್ಕೆ ಹೆರಿಗೆಮನೆಗಳು. ಮೊಟ್ಟೆಯು ಹಾರುವ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ಆದುದರಿಂದ ವಾರಕ್ಕೊಮ್ಮೆಯಾದರೂ ತಟ್ಟೆಯ ನೀರನ್ನು ಚೆಲ್ಲಲೇಬೇಕು. ಚೆಲ್ಲಿದರಷ್ಟೇ ಸಾಲದು, ಮೊಟ್ಟೆಗಳು ತಟ್ಟೆಯ ಒಳಬದಿಗೆ ಅಂಟಿಕೊಂಡು ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆಯಾಗಿ ತೆಂಗಿನ ನಾರಿನಿಂದ ತಿಕ್ಕಿ ತೊಳೆಯಬೇಕು. ಇದಾವುದೂ ಆಗದವರು ತಟ್ಟೆಯ ತುಂಬ ಮರಳು ಹಾಕಿಟ್ಟರೆ ನೀರು ಮರಳಿನಲ್ಲಿ ಇಂಗುತ್ತದೆ, ಸೊಳ್ಳೆಗೆ ಎಡೆಯಿಲ್ಲ, ಕೆಳಗಿನವರ ಬಟ್ಟೆಯೂ ಉಳಿಯುತ್ತದೆ. ಮಹಾನಗರಪಾಲಿಕೆಯ ಕೀಟನಾಶಕ ವಿಭಾಗದವರು ಟಾರ್ಚು ಹಿಡಿದು ಬಂದಾಗ ಅವರನ್ನು ಬಾಗಿಲಲ್ಲಿಯೇ ನಿಲ್ಲಿಸಿ ವಾದಿಸುವ ಬಾಂಧವರಿಗೆ ನಮ್ಮ ಬೆಂಬಲವಿಲ್ಲ. ಸೊಸೈಟಿಗಳಿಗೂ ನಾವು ಹೇಳುವುದು ಇಷ್ಟೇ: ದಾರಿ ಬಿಡಬೇಕು, ಅಂಚಿನಲ್ಲಿ ಇಡಕೂಡದು, ತಟ್ಟೆಯಲ್ಲಿ ನೀರು ನಿಲ್ಲಕೂಡದು ಎಂದು ನಿಯಮ ಮಾಡಲಿ, ಮುರಿದವರಿಗೆ ದಂಡ ಹಾಕಲಿ. ಅಡ್ಡವಾಗಿರದ, ಕೇಡು ಮಾಡದ ಕುಂಡವನ್ನೂ ಕಿತ್ತೊಗೆಯುವುದು ಆಡಳಿತವಲ್ಲ, ಆಲಸ್ಯ. ತಪ್ಪು ಒಪ್ಪುಗಳನ್ನು ಬೇರ್ಪಡಿಸುವ ಶ್ರಮ ಬೇಡವೆಂದು ಎಲ್ಲವನ್ನೂ ನಿಷೇಧಿಸುವುದು ಸುಲಭವಾದ ಮಾರ್ಗ.

ಈ ನಗರಕ್ಕೆ ಗಿಡದ ಜಾಗವನ್ನು ನುಂಗುವುದು ಹೊಸತೇನೂ ಅಲ್ಲ. 1991ರ ಅಭಿವೃದ್ಧಿ ನಿಯಂತ್ರಣ ನಿಯಮಗಳ ಕಾಲದಲ್ಲಿ ಕಿಟಕಿಯ ಹೊರಗಿನ ಹೂಪಾತಿಯನ್ನು, ಬಿಲ್ಡರುಗಳ ಭಾಷೆಯಲ್ಲಿ ‘ಫ್ಲವರ್ ಬೆಡ್’ ಎಂಬುದನ್ನು, ಎಫ್.ಎಸ್.ಐ. ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಉದ್ದೇಶವು ಒಳ್ಳೆಯದೇ: ಎತ್ತರದ ಮನೆಯಲ್ಲಿಯೂ ನಾಲ್ಕು ಗಿಡಗಳಿರಲೆಂದು. ನಡೆದದ್ದು ಬೇರೆ. ಬಿಲ್ಡರು ಹೂಪಾತಿಯ ಅಡಿಗಳನ್ನೂ ಸೇರಿಸಿ ಬೆಲೆ ವಸೂಲು ಮಾಡಿದನು. ಕೊಂಡವನು ಗೋಡೆಯೊಡೆದು ಅಲ್ಲಿ ಟೈಲ್ಸು ಹಾಕಿ ಕೋಣೆಯನ್ನು ಹಿಗ್ಗಿಸಿಕೊಂಡನು. 2012ರ ಜನವರಿಯಲ್ಲಿ ನಿಯಮಗಳಿಗೆ ತಿದ್ದುಪಡಿಯಾಗಿ ಹೂಪಾತಿಯೂ ಬಾಲ್ಕನಿಯೂ ಲೆಕ್ಕಕ್ಕೆ ಸೇರಿದವು. ಹಲವು ಕಟ್ಟಡಗಳಲ್ಲಿ ಕಾಗದದ ಮೇಲೆ ಹೂಪಾತಿಯೆಂದಿರುವ ತಾವಿನಲ್ಲಿ ಇಂದು ಬಟ್ಟೆಯ ಕಪಾಟು ನಿಂತಿದೆ. ಮೂರು ಕುಂಡಗಳಿಗಾಗಿ ಚಾಳಿನವರಿಗೆ ಬುದ್ಧಿ ಹೇಳುವ ಮೊದಲು ದೊಡ್ಡವರು ತಮ್ಮ ಕಪಾಟಿನ ಹಿಂದೆ ಒಮ್ಮೆ ನೋಡಿಕೊಳ್ಳಬಹುದು.

ಗುಮಾಸ್ತರಿಗೆ ಗ್ಯಾಲರಿಯೋ ಕಿಟಕಿಯೋ ಇದೆ. ಹೊಟೇಲಿನಲ್ಲಿ ದುಡಿಯುವ ಹುಡುಗರ ಪಾಡು ಹಾಗಲ್ಲ. ಬೆಳಗಿನ ಇಡ್ಲಿಗೆ ಒಲೆ ಹೊತ್ತಿಸುವುದರಿಂದ ರಾತ್ರಿ ದೋಸೆಯ ಕಲ್ಲು ಆರುವವರೆಗೆ ಅವರು ಹೊಗೆ, ಹಬೆ, ಗಿರಾಕಿಗಳ ನಡುವೆಯೇ ಇರುತ್ತಾರೆ. ಮಲಗುವುದು ಅಟ್ಟದ ಮೇಲೆ, ಇಲ್ಲವೆ ಎಂಟು ಹತ್ತು ಮಂದಿ ಹಂಚಿಕೊಂಡ ಖೋಲಿಯಲ್ಲಿ. ಸಪ್ಲಾಯರನಿರಲಿ, ಕ್ಲೀನರನಿರಲಿ, ಅವನ ಸ್ವಂತದ ಸ್ಥಳವೆಂದರೆ ಒಂದು ಪೆಟ್ಟಿಗೆಯಷ್ಟು. ಅವನಿಗೆ ಕುಂಡದ ಮಾತು ಹೇಳುವುದು ಅಪಹಾಸ್ಯವಾಗದೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಯೋಗ್ಯವಾದದ್ದೇ. ಮಲಗಲು ಗಾಳಿಬೆಳಕಿನ ತಾವು ಕೊಡದ ಮಾಲಿಕನು ಮೇಲ್ಮಾಳಿಗೆಯಲ್ಲಿ ನಾಲ್ಕು ಗಿಡವಿಟ್ಟು ಋಣ ತೀರಿತೆಂದುಕೊಳ್ಳುವುದನ್ನು ನಾವು ಎಂದಿಗೂ ಒಪ್ಪೆವು. ಮೊದಲು ಮಲಗುವ ತಾವು, ಆಮೇಲೆ ಗಿಡ. ಆದರೆ ಮೇಲ್ಮಾಳಿಗೆಯು ಕೈಯಲ್ಲಿದ್ದೂ ಅದಕ್ಕೆ ಬೀಗ ಹಾಕಿಟ್ಟ ಹೊಟೇಲುಗಳೂ ಉಂಟಷ್ಟೆ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿಯ ಗದ್ದಲ ಆರಂಭವಾಗುವ ನಡುವಿನ ಒಂದು ಗಂಟೆಯನ್ನು ಹುಡುಗರು ಹಿಂಬಾಗಿಲ ಮೆಟ್ಟಿಲಿನ ಮೇಲೆ ಮೊಬೈಲು ನೋಡುತ್ತ ಕಳೆಯುತ್ತಾರೆ. ಬೀಗದ ಕೈಯನ್ನು ಅವರಿಗೆ ಕೊಟ್ಟರೆ ಮಾಲಿಕರಿಗಾಗುವ ನಷ್ಟವೇನು?

ಇದು ನಮ್ಮ ಕಲ್ಪನೆಯ ಮಾತಲ್ಲ. ಇದೇ ಮುಂಬಯಿಯಲ್ಲಿ, ಈ ಶತಮಾನದ ಮೊದಲ ವರ್ಷಗಳಲ್ಲಿ, ಆಗಿನ ಪೋರ್ಟ್ ಟ್ರಸ್ಟಿನ ಕೇಂದ್ರ ಅಡಿಗೆಮನೆಯ ಮೇಲ್ಮಾಳಿಗೆಯು ತೋಟವಾಯಿತು. ದಿನಕ್ಕೆ ಸುಮಾರು 3,000 ಮಂದಿ ನೌಕರರಿಗೆ ಅಡಿಗೆಯಾಗುತ್ತಿದ್ದ ಆ ಸ್ಥಳದಲ್ಲಿ ತರಕಾರಿಯ ಸಿಪ್ಪೆಯನ್ನು ಸಾಗಿಸುವುದೇ ಒಂದು ತೊಡಕಾಗಿತ್ತು. ಕೇಟರಿಂಗ್ ಅಧಿಕಾರಿಯಾಗಿದ್ದ ಪ್ರೀತಿ ಪಾಟೀಲರು ಅಡಿಗೆಯ ಸಿಬ್ಬಂದಿಯನ್ನೇ ಕೂಡಿಸಿಕೊಂಡು ಆ ಕಸವನ್ನು ಗೊಬ್ಬರವಾಗಿಸಿದರು. ತರಕಾರಿಯಷ್ಟೇ ಅಲ್ಲ, ಹಣ್ಣಿನ ಗಿಡಗಳೂ ಅಲ್ಲಿ ಬೆಳೆದವು. ಗಿಡ ನೆಟ್ಟವರು ತೋಟಗಾರರಲ್ಲ, ಅಡಿಗೆಯವರು. ಇದು ನಮ್ಮ ಹೊಟೇಲು ಬಾಂಧವರು ಗಮನಿಸತಕ್ಕ ಸಂಗತಿ. ದಿನಕ್ಕೆ 100 ಕಿಲೋಕ್ಕಿಂತ ಹೆಚ್ಚು ಕಸ ಹೊರಡಿಸುವವರು ಹಸಿ ಕಸವನ್ನು ಸಾಧ್ಯವಿದ್ದಷ್ಟು ತಮ್ಮ ಆವರಣದಲ್ಲಿಯೇ ಕೊಳೆಯಿಸಿ ಮುಗಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದ್ದವು. ಆಗ ಬೇಸರಪಟ್ಟುಕೊಂಡ ಹೊಟೇಲುಗಳವರಿಗೆ ಗೊಬ್ಬರವನ್ನು ಏನು ಮಾಡುವುದೆಂಬುದೇ ಚಿಂತೆಯಾಗಿತ್ತು. ಮೇಲ್ಮಾಳಿಗೆಯ ಬೀಗ ತೆಗೆದರೆ ಆ ಚಿಂತೆಗೂ ದಾರಿ ಸಿಕ್ಕೀತು.

ಕುಂಡಕ್ಕಾಗಿ ದುಡ್ಡು ಸುರಿಯುವ ಅಗತ್ಯವಿಲ್ಲ. ಹೊಟೇಲಿನವರ ಬಳಿ ಹದಿನೈದು ಕಿಲೋದ ಎಣ್ಣೆಯ ಡಬ್ಬಗಳು ರಾಶಿ ಬಿದ್ದಿರುತ್ತವೆ. ಬಿಸಿನೀರಿನಲ್ಲಿ ಸೋಪು ಹಾಕಿ ಜಿಡ್ಡು ಹೋಗುವಂತೆ ತೊಳೆದು, ಬಾಯಿಯ ಅಂಚನ್ನು ಸುತ್ತಿಗೆಯಿಂದ ಒಳಕ್ಕೆ ಮಡಿಸಿ (ಇಲ್ಲವಾದರೆ ಕೈ ಕೊಯ್ಯುತ್ತದೆ), ತಳಕ್ಕೆ ಮೊಳೆಯಿಂದ ಐದಾರು ತೂತು ಹೊಡೆದರೆ ಕುಂಡ ಸಿದ್ಧ. ಎರಡು ಮೂರು ಮಳೆಗಾಲಕ್ಕೆ ತುಕ್ಕು ಹಿಡಿಯುವುದು ಖಂಡಿತ. ಆಗ ಇನ್ನೊಂದು ಡಬ್ಬ. ಮಣ್ಣಿನ ಕುಂಡವೇ ಬೇಕೆನ್ನುವವರಿಗೆ ಧಾರಾವಿಯ ಕುಂಭಾರವಾಡವಿದೆ. ಅಲ್ಲಿನ ಕುಂಬಾರರ ಹಿರಿಯರೂ ಸೌರಾಷ್ಟ್ರವನ್ನು ಬಿಟ್ಟು ಈ ನಗರಕ್ಕೆ ಬಂದವರು. ವಲಸಿಗನ ಗಿಡಕ್ಕೆ ವಲಸಿಗರು ಮಾಡಿದ ಕುಂಡ. ಮಣ್ಣಿನ ಕುಂಡ ಉಸಿರಾಡುತ್ತದೆ, ಬೇರನ್ನು ತಣ್ಣಗಿಡುತ್ತದೆ; ಆದರೆ ಏಪ್ರಿಲ್–ಮೇ ತಿಂಗಳಲ್ಲಿ ಬೇಗ ಒಣಗುತ್ತದೆ, ಭಾರವೂ ಹೆಚ್ಚು. ನೀರು ಎರಡೇ ಗಂಟೆ ಬರುವ ಕಡೆಗಳಲ್ಲಿ ಪ್ಲಾಸ್ಟಿಕ್ಕಿನದೇ ವಾಸಿ. ಅಕ್ಕಿ ಬೇಳೆ ತೊಳೆದ ನೀರನ್ನು ಚೆಲ್ಲದೆ ಗಿಡಕ್ಕೆ ಹಾಕುವ ಮನೆಯವರಿಗೆ ನೀರಿನ ಚಿಂತೆ ಬಹಳ ಇರುವುದಿಲ್ಲ.

ತುಂಬುವ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಬರಿಯ ಮಣ್ಣು ತುಂಬಿ ನೀರು ಹಾಕಿದ ಎಣ್ಣೆಯ ಡಬ್ಬವು 20 ಕಿಲೋ ಮೀರಿ ತೂಗುತ್ತದೆ. ಮೇಲಾಗಿ ಆ ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿ ಬೇರಿಗೆ ಉಸಿರು ಕಟ್ಟುತ್ತದೆ. ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕೊಳೆತ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಇದು ಸಾಮಾನ್ಯ ಲೆಕ್ಕ. ಹೊಟೇಲಿನ ಕಸವೆಲ್ಲವೂ ಗೊಬ್ಬರಕ್ಕೆ ಬರುವುದಿಲ್ಲವೆಂಬುದನ್ನು ನೆನಪಿಡಬೇಕು. ತರಕಾರಿಯ ಸಿಪ್ಪೆ, ಫಿಲ್ಟರಿನ ಕಾಫಿಯ ಚರಟ ಧಾರಾಳವಾಗಿ ಬರುತ್ತವೆ. ಚಹದ ಚರಟವು ಹಾಲು ಸಕ್ಕರೆಗಳೊಡನೆ ಕುದಿದದ್ದಾದುದರಿಂದ ಎರಡು ಸಲ ತೊಳೆಯದೆ ಹಾಕಿದರೆ ಇರುವೆಯ ದಂಡೇ ಬರುತ್ತದೆ. ಉಳಿದ ಸಾಂಬಾರು, ಪಲ್ಯಗಳನ್ನಂತೂ ಹಾಕಕೂಡದು. ಅವುಗಳಲ್ಲಿನ ಉಪ್ಪು ಗಿಡಕ್ಕೆ ವಿಷ, ಎಣ್ಣೆಯು ಇಲಿಗೆ ಆಮಂತ್ರಣ. ಹಸಿ ಸಿಪ್ಪೆಯನ್ನು ನೇರವಾಗಿ ಬೇರಿನ ಬಳಿ ಹೂಳಬಾರದು. ತೂತು ಮಾಡಿದ ಬೇರೊಂದು ಡಬ್ಬದಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಒಣ ನಾರು ಅಥವಾ ಹರಿದ ಪತ್ರಿಕೆ (ಓದಿ ಮುಗಿಸಿದ್ದು!) ಹಾಕುತ್ತ ಬಂದರೆ ಎರಡು ಮೂರು ತಿಂಗಳಲ್ಲಿ ಮಣ್ಣಿನ ವಾಸನೆಯ ಕಪ್ಪು ಗೊಬ್ಬರವಾಗುತ್ತದೆ. ಕರಿಬೇವಿಗೆ ಮಜ್ಜಿಗೆ ಎರೆದರೆ ಚಿಗುರುವುದೆಂಬ ಹಿರಿಯರ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಹಾಲಿನ ಇಂದಿನ ಬೆಲೆಯಲ್ಲಿ ಕೆಟ್ಟು ಹುಳಿಯಾದುದನ್ನು ಬಿಟ್ಟು ಬೇರೆ ಮಜ್ಜಿಗೆಯನ್ನು ಗಿಡಕ್ಕೆ ಎರೆಯುವುದು ನಮಗೆ ಸರಿಕಾಣದು.

ಗಿಡಗಳು ಸಾಯುವುದು ನೀರಿಲ್ಲದೆ ಅಲ್ಲ, ಹೆಚ್ಚಾಗಿ ಅತಿ ನೀರಿನಿಂದ. ಸಾಂತಾಕ್ರೂಜಿನಲ್ಲಿ ಜೂನಿನಿಂದ ಸೆಪ್ಟೆಂಬರದವರೆಗೆ ಬೀಳುವ ಮಳೆಯ ಸರಾಸರಿ 2,319 ಮಿಲಿಮೀಟರು. ತೆರೆದ ಗ್ಯಾಲರಿಯ ಕುಂಡಕ್ಕೆ ಆ ನಾಲ್ಕು ತಿಂಗಳು ಕೈಯಿಂದ ಹನಿ ನೀರೂ ಬೇಕಾಗದು. ಉಳಿದ ಕಾಲದಲ್ಲಿ ಬೆರಳನ್ನು ಎರಡು ಗೆಣ್ಣು ಮಣ್ಣಿನೊಳಗೆ ಇಳಿಸಿ, ಒಣಗಿದ್ದರೆ ಮಾತ್ರ ನೀರು. ಬಿಸಿಲಿನ ದಿಕ್ಕನ್ನು ನೋಡದೆ ಗಿಡ ಆರಿಸುವುದು ಮತ್ತೊಂದು ಎಡವಟ್ಟು. ಕರಿಬೇವು, ಮಲ್ಲಿಗೆಗಳಿಗೆ ನಾಲ್ಕೈದು ಗಂಟೆಯ ನೇರ ಬಿಸಿಲು ಬೇಕೇಬೇಕು. ಉತ್ತರಕ್ಕೆ ಮುಖವಾದ ಗ್ಯಾಲರಿಯಲ್ಲಿ ಅವಕ್ಕಾಗಿ ಹಟ ಹಿಡಿಯದೆ ಒಂದೆಲಗ, ವೀಳ್ಯದೆಲೆಗಳನ್ನು ಬೆಳೆಸಬೇಕು. ಉಡುಪಿ, ಮಂಗಳೂರು ಪೇಟೆಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಕೆಲವರು ತಾರಸಿಯ ಕುಂಡಗಳಲ್ಲಿಯೇ ಶಂಕರಪುರ ಮಲ್ಲಿಗೆ ಬೆಳೆದು ಮಾರುತ್ತಿದ್ದಾರೆ. ಅದು ದಿನವಿಡೀ ಬಿಸಿಲಿರುವ ತಾರಸಿಯ ಮಾತು. ದೆಹಲಿಯ ಬಾಂಧವರಿಗಾದರೋ ಕುಂಡದ ಉಪಯೋಗ ಇನ್ನೂ ಒಂದಿದೆ. ಅಲ್ಲಿನ ಡಿಸೆಂಬರ್–ಜನವರಿಯ ಚಳಿಗೆ ನೆಲದ ಕರಿಬೇವು ಎಲೆ ಉದುರಿಸಿ ನಿಂತುಬಿಡುತ್ತದೆ. ಕುಂಡದ್ದನ್ನು ರಾತ್ರಿ ಒಳಗೆ, ಹಗಲು ಬಿಸಿಲಿಗೆ ಎತ್ತಿಡಬಹುದು. ಚೆನ್ನೈಯ ಮೇ ತಿಂಗಳಲ್ಲಿ ಅದನ್ನೇ ನೆರಳಿಗೆ ಸರಿಸಬಹುದು.

ಇನ್ನೊಂದು ಸಂಗತಿಯನ್ನು ಹೇಳಲು ನಾವು ಸ್ವಲ್ಪ ಹಿಂಜರಿಯುತ್ತೇವೆ, ಏಕೆಂದರೆ ಭಾಷೆಯ ಮಾತೆತ್ತಿದರೆ ಎಲ್ಲರೂ ಭಾಷಣವೆಂದುಕೊಳ್ಳುತ್ತಾರೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಕರಿಬೇವು ‘ಕಡಿಪತ್ತಾ’. ಬಸಳೆಗೆ ಕನ್ನಡದಲ್ಲಿಯಾಗಲಿ ಮರಾಠಿಯಲ್ಲಿಯಾಗಲಿ ಹೆಸರೇ ತಿಳಿಯದು. ಇದು ಮಕ್ಕಳ ದೋಷವಲ್ಲ. ವಸ್ತುವನ್ನೇ ಕಾಣದವರು ಅದರ ಹೆಸರನ್ನು ಏಕೆ ನೆನಪಿಟ್ಟಾರು? ಕನ್ನಡ ರಾತ್ರಿಶಾಲೆಗಳಲ್ಲಿ ಹಗಲೆಲ್ಲ ಹೊಟೇಲಿನಲ್ಲಿ ದುಡಿದ ಹುಡುಗರು ಓದಿ ಮುಂದೆ ಬಂದ ನಗರವಿದು. ಆ ಶಾಲೆಗಳಲ್ಲಿ ಅನೇಕವು ಮುಚ್ಚಿವೆ. ಪಾಠದಿಂದ ಬರಬೇಕಾಗಿದ್ದುದು ಇನ್ನು ಮನೆಯಿಂದಲೇ ಬರಬೇಕು. ‘ಒಂದೆಲಗ ನಾಲ್ಕು ಕಿತ್ತು ತಾ’ ಎಂದು ತಾಯಿ ಹೇಳಿದಾಗ ಗ್ಯಾಲರಿಗೆ ಓಡಿ ದೊಡ್ಡಪತ್ರೆಯನ್ನು ಕಿತ್ತು ತಂದು ಬೈಸಿಕೊಂಡ ಮಗುವು ಎರಡು ಹೆಸರುಗಳನ್ನೂ ಮರೆಯಲಾರದು. ತುಳು ಮಾತಾಡುವ ಮನೆಯಲ್ಲಿ ಅದೇ ಎಲೆಗೆ ‘ತಿಮರೆ’ ಎಂಬ ಹೆಸರೂ ದಕ್ಕುತ್ತದೆ.

ನಮ್ಮ ಸಂಘ ಸಂಸ್ಥೆಗಳಲ್ಲಿ ನಮ್ಮದೊಂದು ಬಿನ್ನಹವಿದೆ. ಸನ್ಮಾನ, ಶಾಲು, ಹಾರಗಳಿಗೆ ವೆಚ್ಚವಾಗುವ ಹಣದಲ್ಲಿ ಒಂದು ಹಾರದ ಬೆಲೆಯನ್ನು ಉಳಿಸಿ, ಮೊದಲ ಮಳೆ ಬಿದ್ದ ಮೇಲೆ ಒಂದು ದಿನ ಗಿಡಗಳ ವಿನಿಮಯವನ್ನು ಏರ್ಪಡಿಸಲಿ. ಇದ್ದವರು ಬಸಳೆಯ ದಂಟು, ದೊಡ್ಡಪತ್ರೆಯ ಕುಡಿ, ವೀಳ್ಯದ ಬಳ್ಳಿ, ಕರಿಬೇವಿನ ಬೇರಿನಿಂದ ಎದ್ದ ಮರಿಗಳನ್ನು ತರಲಿ, ಇಲ್ಲದವರು ಒಯ್ಯಲಿ. ಕರಿಬೇವಿನ ಬೀಜವನ್ನು ತರುವವರು ಹಣ್ಣು ಕಿತ್ತ ವಾರದೊಳಗೇ ತರಬೇಕು, ಒಣಗಿಸಿ ಇಟ್ಟದ್ದು ಮೊಳೆಯುವುದಿಲ್ಲ. ಸಭೆಯನ್ನು ಭಾನುವಾರ ಸಂಜೆ ಇಡುವ ರೂಢಿಯನ್ನು ಈ ಒಂದು ಸಲವಾದರೂ ಬಿಡಬೇಕು. ಭಾನುವಾರ ಗುಮಾಸ್ತರಿಗೆ ರಜೆ. ಹೊಟೇಲಿನವರಿಗೆ ಅಂದೇ ಹೆಚ್ಚಿನ ಕೆಲಸ. ವಾರದ ನಡುವೆ ಒಂದು ದಿನ ಮಧ್ಯಾಹ್ನ ಮೂರೂವರೆಗೆ, ಎಲ್ಲರೂ ನಡೆದು ಬರುವಷ್ಟು ಸಮೀಪದಲ್ಲಿ ಇಟ್ಟರೆ, ಏಪ್ರನ್ನು ಕಳಚಿ ಬಂದ ಹುಡುಗನೊಬ್ಬನು ಐದು ಗಂಟೆಯ ಗದ್ದಲಕ್ಕೆ ಮುಂಚೆ ಹಸಿ ಪತ್ರಿಕೆಯಲ್ಲಿ ಸುತ್ತಿದ ಬಸಳೆಯ ಎರಡು ದಂಟುಗಳೊಡನೆ ಹಿಂದಿರುಗಬಲ್ಲನು. ಡಬ್ಬ ಅವನ ಹೊಟೇಲಿನಲ್ಲಿಯೇ ಇದೆ.